ಜಗದಾಂಬಾ ಅವರ ಉಳಿದರ್ಧ

೨೦೨೫ನೆಯ ಇಸವಿ ನವೆಂಬರ್ ೧೪, ಶುಕ್ರವಾರ. ಅಂದು ಶಿವಮೊಗ್ಗದ ದುರ್ಗಿಗುಡಿಯಿಂದ ಹೊರಡುವ ಒಂದು ವಾರಪತ್ರಿಕೆಯು ಭದ್ರಾವತಿಯ ಜಗದಾಂಬಾ ಅವರು ಬರೆದ ಚಿತ್ರವಿಮರ್ಶೆಯ ಅರ್ಧವನ್ನು ಅಚ್ಚು ಹಾಕಿ ಉಳಿದರ್ಧವನ್ನು ನುಂಗಿತು. ಮರುದಿನ ಬೆಳಗಾಗುವಷ್ಟರಲ್ಲಿ, ಅಚ್ಚಾದ ಅರ್ಧದಿಂದ ಹೆಕ್ಕಿದ ಮೂರು ವಾಕ್ಯಗಳು ಅವರ ಭಾವಚಿತ್ರದ ಸಮೇತ ನಗರದ ಒಂದು ಚಿತ್ರಮಂದಿರದ ಮುಂದೆ ಆಳೆತ್ತರದ ಫ್ಲೆಕ್ಸ್ ಆಗಿ ನಿಂತವು. ಇದನ್ನು ಕೈತಪ್ಪು ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಕೈತಪ್ಪು ಅಲ್ಲ. ಏಕೆ ಅಲ್ಲ ಎಂಬುದು ತಿಳಿಯಬೇಕಾದರೆ ಆಕೆ ಯಾರು, ಆ ಅಂಕಣ ಎಂಥದು ಎಂಬುದನ್ನು ಮೊದಲು ತಿಳಿಯಬೇಕು.

ಜಗದಾಂಬಾ ಅವರಿಗೆ ಎಪ್ಪತ್ತೊಂದು ವರ್ಷ. ಭದ್ರಾವತಿಯ ದೂರವಾಣಿ ಕೇಂದ್ರಕ್ಕೆ ಆಪರೇಟರ್ ಆಗಿ ಸೇರಿ ಅಲ್ಲಿಂದಲೇ ನಿವೃತ್ತರಾದವರು. ಒಂದು ಟ್ರಂಕ್ ಕಾಲ್‌ಗಾಗಿ ಜನ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಈ ತುದಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ದನಿಯನ್ನು ಆ ತುದಿಯ ಸೇಲಂಗೋ ನೆಲ್ಲೂರಿಗೋ ಮುಟ್ಟಿಸಿದವರು. ಫೋನಿನಲ್ಲಿ ಟೆಲಿಗ್ರಾಂ ಬರೆಸುವವರಿದ್ದರು. ಬರೆದುಕೊಂಡದ್ದನ್ನು ಅವರಿಗೇ ಓದಿ ಒಪ್ಪಿಸದೆ ಮುಂದಕ್ಕೆ ಸಾಗಿಸುವಂತಿರಲಿಲ್ಲ. ಆ ಕಟ್ಟಳೆ ಅವರ ನಾಲಿಗೆಯಲ್ಲಿ ಇಂದಿಗೂ ನಿಂತಿದೆ. ನಾಳೆ ಅರ್ಧ ಲೀಟರ್ ಸಾಕು ಎಂದು ಹಾಲಿನವನಿಗೆ ಹೇಳಿದರೂ ಅವನ ಬಾಯಿಂದ ಮರಳಿ ಹೇಳಿಸದೆ ಬಾಗಿಲು ಹಾಕುವವರಲ್ಲ. ಮದುವೆಯಾಗಲಿಲ್ಲ. ಅದೇ ಊರಿನ ಜನ್ನಾಪುರದಲ್ಲಿ ತಂಗಿ ಸಾವಿತ್ರಮ್ಮನ ತುಂಬಿದ ಸಂಸಾರದೊಳಗೆ, ಬೀದಿ ಬದಿಯ ಕೋಣೆಯಲ್ಲಿ, ತಮ್ಮದೇ ಒಂದು ರೇಡಿಯೊ ಮತ್ತು ತಮ್ಮದೇ ಅಭಿಪ್ರಾಯಗಳೊಂದಿಗೆ ಇದ್ದಾರೆ.

ಅಂಕಣದ ಹೆಸರು ‘ಗುಣ-ದೋಷ’. ಪತ್ರಿಕೆಯನ್ನು ಸ್ಥಾಪಿಸಿದ ಹಿರಿಯ ಸಂಪಾದಕರು, ಅಂದರೆ ಈಗಿನ ಸಂಪಾದಕ ರೇಣುಕಾಪ್ರಸಾದರ ತಂದೆ, ಜಗದಾಂಬಾ ನಿವೃತ್ತರಾದ ವರ್ಷವೇ ಮನೆಗೆ ಬಂದು ಕೇಳಿಕೊಂಡು ಶುರು ಮಾಡಿಸಿದ್ದು. ಅದರ ರೀತಿಯೇ ಬೇರೆ. ಒಂದು ಚಿತ್ರವನ್ನು ಅವರು ಎರಡು ಸಲ ನೋಡುತ್ತಾರೆ: ಮೊದಲ ಸಲ ಗುಣಕ್ಕೆ, ಎರಡನೆಯ ಸಲ ದೋಷಕ್ಕೆ. ಎರಡನ್ನೂ ಒಂದೇ ಕೂರುವಿಕೆಯಲ್ಲಿ ಹುಡುಕಿದರೆ ಸಿಟ್ಟು ಬಂದಾಗ ಗುಣ ಕಾಣುವುದಿಲ್ಲ, ಕಣ್ಣು ತುಂಬಿದಾಗ ದೋಷ ಕಾಣುವುದಿಲ್ಲ ಎಂಬುದು ಅವರ ವಾದ. ಪುಟದಲ್ಲಿ ಎರಡೂ ಪಕ್ಕಪಕ್ಕದ ಕಾಲಂಗಳಲ್ಲಿ, ಸರಿಸಮನಾದ ಉದ್ದದಲ್ಲಿ ಬರಬೇಕು. ಒಂದು ಇನ್ನೊಂದನ್ನು ಬಿಟ್ಟು ಅಚ್ಚಾಗಕೂಡದು. ಹಿರಿಯ ಸಂಪಾದಕರು ಈ ಷರತ್ತಿಗೆ ಒಪ್ಪಿ ಬದುಕಿರುವವರೆಗೂ ನಡೆಸಿದರು. ಒಮ್ಮೆ ಒಂದು ಹೊಡೆದಾಟದ ಚಿತ್ರದಲ್ಲಿ ಗುಣದ ಕಾಲಂ ತುಂಬುವಷ್ಟು ಸರಕು ಸಿಗದೆ, ಜಗದಾಂಬಾ ಮೂರನೆಯ ಸಲ ಹೋಗಿ ಕುಳಿತು, ನಾಯಕಿಯ ಅಜ್ಜಿಯಾಗಿ ಎರಡು ನಿಮಿಷ ಬರುವ ನಟಿಯನ್ನು ಪತ್ತೆ ಹಚ್ಚಿ ಮನಸಾರೆ ಹೊಗಳಿ ಬಂದದ್ದುಂಟು.

ಈ ಸಲದ ಚಿತ್ರ ‘ತಾರಾಸೇತು’ ಸರಣಿಯ ನಾಲ್ಕನೆಯ ಭಾಗ. ಇಂಗ್ಲಿಷಿನಲ್ಲಿ ತಯಾರಾಗಿ ಕನ್ನಡಕ್ಕೆ ಡಬ್ ಆಗಿ ಬರುವ ವೈಜ್ಞಾನಿಕ ಚಿತ್ರಗಳು ಇವು. ದೂರದ ಶನಿಗ್ರಹದ ಬಳಿ ಒಂದು ಸಂದೇಶ ಠಾಣೆ. ನಕ್ಷತ್ರಗಳ ಕಡೆಗೆ ಹೊರಟ ಹಡಗುಗಳ ಮಾತನ್ನು ಭೂಮಿಗೆ, ಭೂಮಿಯ ಮಾತನ್ನು ಹಡಗುಗಳಿಗೆ ದಾಟಿಸುವುದು ಅಲ್ಲಿನ ಹೆಂಗಸೊಬ್ಬಳ ಕೆಲಸ. ಮಾತು ಬೆಳಕಿಗಿಂತ ವೇಗವಾಗಿ ಓಡಲಾರದು. ಆದ್ದರಿಂದ ಒಂದು ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳೇ ಹಿಡಿಯುತ್ತವೆ. ಸರಣಿಯ ದುಃಖವೆಲ್ಲ ಆ ಕಾಯುವಿಕೆಯ ಮೇಲೆ ನಿಂತಿದೆ. ಎರಡನೆಯ ಭಾಗದಲ್ಲಿ ನಾಯಕನ ಹೆಂಡತಿ ಹಡಗನ್ನು ಉಳಿಸಲು ತಾನು ಹೊರಗುಳಿದು ಬಾಗಿಲು ಮುಚ್ಚಿ ಸಾಯುತ್ತಾಳೆ. ಅವಳ ಕೊನೆಯ ಮಾತು ಗಂಡನಿಗೆ ತಲುಪುವುದು ಮೂರು ವರ್ಷದ ನಂತರ. ತಲುಪಿದ ಮೇಲೆ ಅವನಿಗೆ ಉತ್ತರ ಕೊಡಲು ಯಾರೂ ಇಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಆಕಾಶದಲ್ಲಿ ಬಡಿದಾಡುವುದನ್ನು ನೋಡಲು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುವ ಈ ವಯಸ್ಸಿನವಳು ಊರಿಗೇ ಒಬ್ಬಳು ಎಂದು ಸಾವಿತ್ರಮ್ಮ ಅಕ್ಕನನ್ನು ಛೇಡಿಸದ ವರ್ಷವಿಲ್ಲ. ಜಗದಾಂಬಾ ತಲೆ ಕೆಡಿಸಿಕೊಂಡಿಲ್ಲ. ಎರಡು ತುದಿಗಳ ನಡುವೆ ಕುಳಿತು, ಯಾರದೋ ಮಾತನ್ನು ಇನ್ನಾರಿಗೋ ಮುಟ್ಟಿಸಿ, ತಾನು ಮಾತ್ರ ಮಾತಾಡದೆ ಉಳಿಯುವ ಹೆಂಗಸನ್ನು ಅವರು ಬೇರೆ ಯಾವ ಸಿನಿಮಾದಲ್ಲೂ ಕಂಡಿರಲಿಲ್ಲ.

ನವೆಂಬರ್ ೮, ಶನಿವಾರ ಅವರು ಗುಣಕ್ಕೆ ಹೋದರು. ಗುಣಗಳು ನಿಜವಾಗಿಯೂ ಇದ್ದವು. ಮೊದಲ ಮುಕ್ಕಾಲು ಗಂಟೆ ಠಾಣೆಯಲ್ಲಿ ಆ ಹೆಂಗಸೊಬ್ಬಳೇ, ಈಗ ಮುದುಕಿ. ಅವಳ ಸೊಂಟನೋವು, ಅವಳು ಬಿಸಿ ಮಾಡಿಕೊಳ್ಳುವ ಊಟ, ಯಂತ್ರದ ಒಂದೊಂದು ಸದ್ದನ್ನೂ ಹೆಸರಿಟ್ಟು ಗುರುತಿಸುವ ಅವಳ ಕಿವಿ. ಕನ್ನಡದ ಮಾತುಗಳು ಅನುವಾದದ ವಾಸನೆಯಿಲ್ಲದೆ ಬಾಯಿಂದ ಬಿದ್ದಿದ್ದವು. ಶನಿಗ್ರಹದ ಬಳೆಯ ನೆರಳು ಕಿಟಕಿಯಲ್ಲಿ ಸರಿದಾಗ ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. ಸೋಮವಾರ ದೋಷಕ್ಕೆ ಹೋದರು. ದೋಷಗಳೂ ಅಷ್ಟೇ ನಿಜವಾಗಿದ್ದವು. ಮೂರು ಭಾಗಗಳಲ್ಲಿ ಕಟ್ಟಿದ ಕಾಯುವಿಕೆಯ ನಿಯಮವನ್ನು ಇಲ್ಲಿ ಗುಹೆಯೊಂದರಲ್ಲಿ ಸಿಕ್ಕ ಹೊಳೆಯುವ ಕಲ್ಲು ಒಂದೇ ಏಟಿಗೆ ಮುರಿಯುತ್ತದೆ. ನಾಯಕ ಆ ಕಲ್ಲು ಹಿಡಿದು ಭೂಮಿಯ ಮಗಳೊಂದಿಗೆ ಪಕ್ಕದ ಬೀದಿಗೆ ಫೋನ್ ಮಾಡಿದಂತೆ ಮಾತಾಡುತ್ತಾನೆ. ಹಿಂದೆ ಮೌನವಾಗಿದ್ದ ಶೂನ್ಯಾಕಾಶದಲ್ಲಿ ಈಗ ಪಟಾಕಿಯ ಸದ್ದು. ಕೊನೆಯ ಅರ್ಧ ಗಂಟೆಯು ಐದನೆಯ ಭಾಗದ ಜಾಹೀರಾತೇ ಹೊರತು ಈ ಭಾಗದ ಮುಕ್ತಾಯವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಎರಡನೆಯ ಭಾಗದಲ್ಲಿ ಸತ್ತ ಹೆಂಡತಿ ಗಾಜಿನ ಪೆಟ್ಟಿಗೆಯೊಂದರಿಂದ ಎದ್ದು ಬಂದು ನಗುತ್ತಾಳೆ.

ಆ ದೃಶ್ಯದಲ್ಲಿ ಜಗದಾಂಬಾ ಅವರಿಗೆ ನೆನಪಾದದ್ದು ಮಲವಗೊಪ್ಪದ ಕರಿಯಣ್ಣ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ‘ಗುಣ-ದೋಷ’ ಓದದೆ ಯಾವ ಚಿತ್ರಕ್ಕೂ ಹೋಗದವನು. ಎರಡನೆಯ ಭಾಗ ತೆರೆಗೆ ಬಂದದ್ದು ಅವನ ಹೆಂಡತಿ ಪುಟ್ಟಲಕ್ಷ್ಮಿ ತೀರಿಕೊಂಡ ವರ್ಷ. ಅದನ್ನು ನೋಡಿ ಜನ್ನಾಪುರದ ಮನೆಗೆ ಬಂದು, ಆ ಸಿನಿಮಾದವರು ತನಗೆ ಸುಳ್ಳು ಹೇಳಲಿಲ್ಲ ಎಂದಷ್ಟೇ ಅಂದು, ಒಂದು ಲೋಟ ಕಾಫಿ ಕುಡಿದು ಹೋಗಿದ್ದ. ಆದ್ದರಿಂದ ದೋಷಭಾಗದ ಕೊನೆಗೆ ಜಗದಾಂಬಾ ಒಂದು ವಾಕ್ಯವನ್ನು ಹೆಚ್ಚಾಗಿ ಸೇರಿಸಿದರು: “ತಮ್ಮವರನ್ನು ಕಳೆದುಕೊಂಡು, ಈ ಸರಣಿಯಿಂದ ಸಮಾಧಾನ ಪಡೆದವರು ಈ ಭಾಗವನ್ನು ನೋಡಬೇಕಾಗಿಲ್ಲ.”

ಗುರುವಾರ ಬೆಳಗ್ಗೆ ಅವರು ಎರಡೂ ಭಾಗಗಳನ್ನು ಎಂದಿನಂತೆ ಪತ್ರಿಕಾ ಕಚೇರಿಗೆ ಫೋನಿನಲ್ಲಿ ಓದಿ ಒಪ್ಪಿಸಿದರು. ಬರೆದುಕೊಂಡದ್ದು ಬೇರೆ ಯಾರೂ ಅಲ್ಲ, ರೇಣುಕಾಪ್ರಸಾದರೇ. ಕೊನೆಯ ವಾಕ್ಯವನ್ನು ಅವರಿಂದ ಮರಳಿ ಹೇಳಿಸಿದ್ದೂ ಆಯಿತು; ಅವರು ಅಕ್ಷರ ತಪ್ಪದೆ ಹೇಳಿದ್ದೂ ಆಯಿತು. ಕೈತಪ್ಪು ಎನ್ನುವವರು ಇದನ್ನು ಗಮನಿಸಬೇಕು.

ಶುಕ್ರವಾರ ಪತ್ರಿಕೆ ಬಂದಾಗ ಎಡಗಡೆ ಗುಣ ಇತ್ತು. ಬಲಗಡೆ, ದೋಷ ಇರಬೇಕಾದ ಅದೇ ಜಾಗದಲ್ಲಿ, ಅದೇ ಚಿತ್ರದ ಜಾಹೀರಾತು ಇತ್ತು.

ಜಗದಾಂಬಾ ಪುಟವನ್ನು ತಿರುವಿ ಹಿಂಬದಿ ನೋಡಿದರು. ಮುಂದಿನ ಪುಟ ನೋಡಿದರು. ಫೋನ್ ಮಾಡಿದರೆ, ಸ್ಥಳ ಸಾಲಲಿಲ್ಲ, ಮುಂದಿನ ವಾರ ನೋಡೋಣ ಎಂಬ ಉತ್ತರ ಬಂತು. ಸ್ಥಳ ಎಲ್ಲಿಗೆ ಹೋಯಿತೆಂಬುದು ಅವರ ಕಣ್ಣೆದುರಿಗೇ ಇತ್ತು.

ಭಾನುವಾರ ಮಧ್ಯಾಹ್ನ ಕರಿಯಣ್ಣ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲಿಲ್ಲ. ಸಾವಿತ್ರಮ್ಮ ಕಾಫಿ ತಂದರೆ ಬೇಡವೆಂದ. ಹಿಂದಿನ ದಿನ ಮ್ಯಾಟಿನಿಗೆ ಹೋಗಿದ್ದನಂತೆ. ಬಾಗಿಲಲ್ಲೇ ಜಗದಾಂಬಕ್ಕನ ಫೋಟೊ ನೋಡಿ, ಇನ್ನೇನು ಯೋಚನೆ ಎಂದು ನೇರ ಒಳಗೆ ಹೋದನಂತೆ.

“ಅಕ್ಕಾ, ನೀವು ನೋಡಿ ಬರೆದ್ರಾ, ಯಾರೋ ಹೇಳಿದ್ದು ಕೇಳಿ ಬರೆದ್ರಾ?”

“ಎರಡು ಸಲ ನೋಡಿದೀನಿ, ಕರಿಯಣ್ಣ.”

“ಎರಡು ಸಲ ನೋಡಿನೂ ಅವಳು ಎದ್ದು ಬಂದಿದ್ದು ನಿಮಗೆ ಕಾಣಲಿಲ್ವಾ?”

ಅವನು ಗೋಡೆಯ ಕಡೆ ನೋಡುತ್ತ ಮುಂದುವರಿಸಿದ.

“ಆ ಎರಡನೇ ಭಾಗ ನೋಡಿದ ದಿನ ನಾನು ಮನೆಗೆ ಹೋಗಿ ಪುಟ್ಟಲಕ್ಷ್ಮಿ ಸೀರೆ ಎಲ್ಲಾ ತೆಗೆದು ಅವಳ ತಂಗಿಗೆ ಕೊಟ್ಟೆ. ಅಲ್ಲೀವರೆಗೂ ಬೀರುನಲ್ಲೇ ಇದ್ವು. ಸತ್ತೋರು ಬರಲ್ಲ ಅಂತ ಮಕ್ಕಳು ಹೇಳಿದ್ರು, ಸ್ವಾಮಿಗಳು ಹೇಳಿದ್ರು, ನಾನು ಕೇಳಿರಲಿಲ್ಲ. ಆ ಸಿನಿಮಾದೋರು ಹೇಳಿದ್ರು, ಕೇಳಿದೆ. ಈಗ ಅವರೇ ಎಬ್ಬಿಸಿಕೊಂಡು ಬಂದು ನಿಲ್ಲಿಸಿದಾರೆ. ಪಕ್ಕದ ಸೀಟಿನೋನು ಶಿಳ್ಳೆ ಹೊಡೀತಾನೆ. ಮನೆಗೆ ಬಂದು ಖಾಲಿ ಬೀರು ಬಾಗಿಲು ತೆಗೆದು ನಿಂತಿದ್ದೆ ಅಕ್ಕಾ, ಹುಚ್ಚನ ಹಾಗೆ.”

ಸಾವಿತ್ರಮ್ಮ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು. ಜಗದಾಂಬಾ ಅಚ್ಚಾಗದ ಭಾಗವನ್ನು ತೆಗೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಸ್ಪಷ್ಟವಾಗಿ, ಎಲ್ಲಿಯೂ ತಡವರಿಸದೆ ಓದಿದರು. ಹೊಳೆಯುವ ಕಲ್ಲಿನ ಮಾತು ಬಂದಾಗ ಮಾತ್ರ ಕರಿಯಣ್ಣ ಸ್ವಲ್ಪ ಸಡಿಲವಾದ. ಸೋಗಾನೆ ಏರ್‌ಪೋರ್ಟಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ಹೋದರೂ ಒಂದು ಗಂಟೆ ಬೇಕು, ಇವರಿಗೆ ನಕ್ಷತ್ರದಿಂದ ಮಗಳ ಹತ್ತಿರ ಮಾತಾಡೋಕೆ ಚಿಟಿಕೆ ಸಾಕಂತೆ ಎಂದು ಗೊಣಗಿದ. ಕೊನೆಯ ವಾಕ್ಯ ಮುಗಿದಾಗ ಅವನು ಕುಳಿತುಕೊಂಡ.

“ಇದು ಪೇಪರಲ್ಲಿ ಇರಲಿಲ್ಲ.”

“ಇರಲಿಲ್ಲ.”

“ನನಗೇ ಬರೆದ ಹಾಗಿದೆ.”

“ನಿಮಗೇ ಬರೆದಿದ್ದು.”

“ಹಾಗಾದ್ರೆ ನನ್ನಂಥೋರು ಇವತ್ತೂ ಅಲ್ಲಿ ಕ್ಯೂನಲ್ಲಿ ನಿಂತಿರ್ತಾರೆ. ನೀವು ಇಲ್ಲಿ ಕೂತು ನನಗೆ ಓದಿ ಹೇಳಿದ್ರೆ ಏನು ಬಂತು?”

ಜಗದಾಂಬಾ ಸೋಮವಾರ ಬೆಳಗ್ಗೆ ಬಸ್ಸು ಹತ್ತಿದರು.

ದುರ್ಗಿಗುಡಿಯ ಕಚೇರಿಯಲ್ಲಿ ರೇಣುಕಾಪ್ರಸಾದರು ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು, ತಂದೆಯವರ ಮಾತೆತ್ತಿ ಅಮ್ಮ ಎಂದೇ ಕರೆದರು. ವಿನಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂತು. ಚಿತ್ರಮಂದಿರದವರು ವರ್ಷವಿಡೀ ಜಾಹೀರಾತು ಕೊಟ್ಟು ಪತ್ರಿಕೆಯನ್ನು ನಡೆಸುವವರು. ಅವರನ್ನು ಎದುರು ಹಾಕಿಕೊಳ್ಳುವಂತಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೆ ಅವರು ತಮ್ಮ ಬತ್ತಳಿಕೆಯ ನಿಜವಾದ ಬಾಣವನ್ನು ತೆಗೆದರು.

“ಅಮ್ಮಾ, ಹೊಗಳಿದ್ದು ನೀವೇ ತಾನೆ? ಬೋರ್ಡ್‌ನಲ್ಲಿ ನಿಮ್ಮದಲ್ಲದ ಒಂದು ಪದ ಇದೆಯಾ, ತೋರಿಸಿ.”

“ಇಲ್ಲ. ಒಂದು ಪದವೂ ಇಲ್ಲ,” ಎಂದರು ಜಗದಾಂಬಾ. “ಮಗಳು ಟೆಲಿಗ್ರಾಂ ಬರೆಸ್ತಾಳೆ: ‘ತಂದೆ ಆಸ್ಪತ್ರೆಯಲ್ಲಿ, ಈಗ ಕ್ಷೇಮ.’ ನಾನು ಮೊದಲಿನ ಎರಡೇ ಪದ ಕಳಿಸಿ ಕೈ ತೊಳಕೊಂಡೆ ಅಂತಿಟ್ಟುಕೋ. ಅದರಲ್ಲೂ ಅವಳದಲ್ಲದ ಪದ ಒಂದೂ ಇರಲ್ಲ. ಆ ಕಡೆ ತುದೀಲಿ ಅವಳ ತಮ್ಮ ಏನಾಗಬೇಕು, ಹೇಳು.”

ರೇಣುಕಾಪ್ರಸಾದರು ಮಾತು ತಿರುಗಿಸಿದರು. ಮುಂದಿನ ತಿಂಗಳು ಪತ್ರಿಕೆಯ ವಾರ್ಷಿಕೋತ್ಸವ, ಹಿರಿಯ ಅಂಕಣಕಾರ್ತಿಯೆಂದು ಸನ್ಮಾನ ಇಟ್ಟುಕೊಂಡಿದ್ದೇವೆ ಎಂದರು. ಶಾಲು ಹೊದೆಯುವಷ್ಟು ಚಳಿ ತನಗಿಲ್ಲ ಎಂದು ಹೇಳಿ ಜಗದಾಂಬಾ ಟೀ ಮುಟ್ಟದೆ ಎದ್ದರು. ಮೆಟ್ಟಿಲಿಳಿದವರು ಬಸ್ ನಿಲ್ದಾಣದ ಕಡೆ ತಿರುಗಲಿಲ್ಲ. ಆಟೊ ಹತ್ತಿ ನೇರ ಚಿತ್ರಮಂದಿರಕ್ಕೆ ಹೋದರು.

ಫ್ಲೆಕ್ಸಿನಲ್ಲಿ ಅವರ ನಿವೃತ್ತಿ ಸಮಾರಂಭದ ಫೋಟೊ ಇತ್ತು. ಕೊರಳ ಹಾರವನ್ನು ಅರ್ಧಕ್ಕೆ ಕತ್ತರಿಸಿದ್ದರು. “ಉಸಿರು ಬಿಗಿಹಿಡಿಸುವ ದೃಶ್ಯವೈಭವ!” ಎಂದು ದಪ್ಪಕ್ಷರದಲ್ಲಿತ್ತು. ಆಶ್ಚರ್ಯಸೂಚಕ ಚಿಹ್ನೆಯನ್ನು ಜಗದಾಂಬಾ ಹಾಕಿರಲಿಲ್ಲ. ಜೀವಮಾನದಲ್ಲೇ ಹಾಕಿದವರಲ್ಲ. ಅವರು ಆ ಫ್ಲೆಕ್ಸಿನ ಕೆಳಗೆ, ತಮ್ಮದೇ ಮುಖದ ಕೆಳಗೆ, ಸೆರಗು ಸರಿಮಾಡಿಕೊಂಡು ನಿಂತರು. ಮ್ಯಾಟಿನಿಗೆ ಬಂದ ಮೊದಲ ದಂಪತಿಗಳಿಗೆ ನಮಸ್ಕಾರ ಮಾಡಿ, ಮೇಲಿನ ಮೂರು ವಾಕ್ಯ ತಮ್ಮದೇ ಎಂದೂ, ಉಳಿದದ್ದನ್ನು ಹೇಳಲು ಬಂದಿರುವುದಾಗಿಯೂ ತಿಳಿಸಿ, ದೋಷಭಾಗವನ್ನು ಬಾಯಿಪಾಠವಾಗಿ ಒಪ್ಪಿಸಿದರು. ದೂರದ ತುದಿಗೂ ಕೇಳಿಸಬೇಕೆಂದು ಪಳಗಿಸಿದ ದನಿ ಅದು. ರಸ್ತೆಯ ಹಾರ್ನಿಗೆ ಜಗ್ಗುವಂಥದಲ್ಲ.

ವ್ಯವಸ್ಥಾಪಕ ಸಂಜಯ್ ಹೊರಗೆ ಬಂದರು. ಮೊದಲಿಗೆ ಯಾರೋ ದಿಕ್ಕು ತಪ್ಪಿ ಬಂದ ಅಜ್ಜಿ ಎಂದುಕೊಂಡರಂತೆ.

“ಅಜ್ಜಿ, ಇಲ್ಲಿ ನಿಂತ್ಕೋಬಾರದು. ಗಿರಾಕಿಗಳಿಗೆ ತೊಂದರೆ ಆಗುತ್ತೆ.”

“ಮೇಲಿರೋಳು ಮೂರು ದಿನದಿಂದ ನಿಂತಿದಾಳೆ, ಅವಳನ್ನ ಕೇಳಿದ್ರಾ?”

ಸಂಜಯ್ ಮೇಲೆ ನೋಡಿದರು, ಕೆಳಗೆ ನೋಡಿದರು, ಇನ್ನೊಮ್ಮೆ ಮೇಲೆ ನೋಡಿದರು. ಕ್ಯೂನಲ್ಲಿದ್ದವರು ನಕ್ಕರು.

“ಅವಳು ಅರ್ಧ ಮಾತ್ರ ಹೇಳ್ತಿದಾಳೆ,” ಎಂದರು ಜಗದಾಂಬಾ. “ಅವಳನ್ನ ಇಳಿಸಿ, ನಾನೂ ಹೋಗ್ತೀನಿ. ಅವಳು ಇರೋವರೆಗೆ ನಾನೂ ಇರ್ತೀನಿ.”

ಅಂದು ಫ್ಲೆಕ್ಸ್ ಇಳಿಯಲಿಲ್ಲ. ಮರುದಿನ ಮ್ಯಾಟಿನಿಗೆ ಅವರು ಮತ್ತೆ ಅಲ್ಲಿದ್ದರು. ಆ ವಾರವಿಡೀ ಇದ್ದರು. ಬುಧವಾರದಿಂದ ಸಾವಿತ್ರಮ್ಮನೂ ಕೊಡೆ ಮತ್ತು ಮೊಸರನ್ನದ ಡಬ್ಬಿ ಹಿಡಿದು ಜೊತೆಗೆ ಬಂದರು. ಸಿನಿಮಾ ಮಾತ್ರ ಇಂದಿಗೂ ಶುದ್ಧ ತಲೆಹರಟೆ ಎಂಬುದೇ ಅವರ ನಿಲುವು. “ಮನೇಲಿ ಕೂತ್ಕೊಂಡು ಗ್ರಹಗಳ ಕಥೆ ಕೇಳೋದು ತಪ್ಪಿತು ಅಂದ್ಕೊಂಡ್ರೆ, ಈಗ ಬೀದೀಲಿ ನಿಂತು ಕೇಳೋ ಹಾಗಾಯ್ತಲ್ಲ ಮಾರಾಯ್ತಿ,” ಎನ್ನುತ್ತ ಅಕ್ಕನ ತಲೆಯ ಮೇಲೆ ಕೊಡೆ ಹಿಡಿದರು.

ಒಂದು ಸಂಗತಿಯನ್ನು ಇಲ್ಲಿ ತಪ್ಪಿಲ್ಲದೆ ದಾಖಲಿಸಬೇಕು, ಏಕೆಂದರೆ ಅದನ್ನು ತಿರುಚಿ ಹೇಳಲಾಗುತ್ತಿದೆ. ಜಗದಾಂಬಾ ಚಿತ್ರಕ್ಕೆ ಹೋಗಬೇಡಿ ಎಂದು ಯಾರಿಗೂ ಹೇಳಲಿಲ್ಲ. ಗುರುವಾರ ಕಾಲೇಜಿನ ಹುಡುಗರ ಗುಂಪೊಂದು ಅವರ ಪಕ್ಷ ವಹಿಸುವ ಉತ್ಸಾಹದಲ್ಲಿ, ಸೂಪರ್ ಅಜ್ಜಿ, ಇಡೀ ಸಿನಿಮಾನೇ ಡಬ್ಬಾ ಎಂದು ಕೂಗಿದಾಗ ಅವರು ಕೆಂಡವಾದರು. ಠಾಣೆಯ ಮುದುಕಿಯ ಮುಕ್ಕಾಲು ಗಂಟೆಯಲ್ಲಿ ಯಾವುದು ಡಬ್ಬಾ ಎಂದು ಬಿಡಿಸಿ ಹೇಳಿರಿ ಎಂದು ಕೇಳಿದರು. ಹುಡುಗರು ಚಿತ್ರವನ್ನು ನೋಡಿಯೇ ಇರಲಿಲ್ಲ. ಹಾಗಾದರೆ ನೋಡಿ ಬಂದು ಬೈಯಿರಿ ಎಂದು ಅವರನ್ನು ಒಳಗೆ ಕಳಿಸಿದವರು ಜಗದಾಂಬಾ ಅವರೇ. ಇದನ್ನು ಕಂಡ ಸಂಜಯ್‌ಗೆ ಒಂದು ಆಸೆ ಚಿಗುರಿತು. ಅಮ್ಮ ಹೇಗೂ ಹೊಗಳುತ್ತಿದ್ದಾರಲ್ಲ, ಹೊಗಳಿಕೆಯಷ್ಟನ್ನೇ ಮೈಕಿನಲ್ಲಿ ಹೇಳಿದರೆ ನೆರಳಿನಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದರು. ನಿಂತೇ ಅಭ್ಯಾಸ ಎಂಬ ಉತ್ತರ ಸಿಕ್ಕಿತು.

ಟಿಕೆಟ್ ಮಾರಾಟ ಅದರಿಂದ ಕುಸಿಯಿತೇ? ಇಲ್ಲ. ಹೆಚ್ಚಿನವರು ಕೇಳಿ, ತಲೆಯಾಡಿಸಿ, ಒಳಗೆ ಹೋದರು. ಎಲ್ಲೋ ಕೆಲವರು ಹಿಂದಿರುಗಿದರು. ಶುಕ್ರವಾರ, ಬಿಳಿ ಕೂದಲಿನ ಒಬ್ಬ ಹೆಂಗಸು ಕೊನೆಯ ವಾಕ್ಯದವರೆಗೂ ನಿಂತು ಕೇಳಿ, ಮಗ ಕೊಟ್ಟಿದ್ದ ತನ್ನ ಟಿಕೆಟನ್ನು ಅವನಿಗೇ ಮರಳಿ ಕೊಟ್ಟು, ನೀನು ನೋಡಿಕೊಂಡು ಬಾ, ನಾನು ಇವರ ಹತ್ತಿರ ಇರ್ತೀನಿ ಎಂದಳು. ಸಿನಿಮಾ ಬಿಡುವವರೆಗೂ ಇದ್ದಳು. ಅವಳು ಕಳೆದುಕೊಂಡದ್ದು ಯಾರನ್ನೆಂದು ಜಗದಾಂಬಾ ಕೇಳಲಿಲ್ಲ. ಅಂದಿನ ಸಂಜೆ ಬಸ್ಸಿನಲ್ಲಿ ಮಲವಗೊಪ್ಪ ಬಂದಾಗ ಇಳಿದು, ಕರಿಯಣ್ಣನ ಮನೆಗೆ ಹೋಗಿ, ಒಬ್ಬರಿಗೆ ತಲುಪಿತು ಎಂದಷ್ಟೇ ಹೇಳಿ ಮುಂದಿನ ಬಸ್ಸು ಹಿಡಿದರು.

ಅದೇ ಶುಕ್ರವಾರದ, ನವೆಂಬರ್ ೨೧ರ ಸಂಚಿಕೆಯಲ್ಲಿ ಪತ್ರಿಕೆಯು ಕೊನೆಯ ಪುಟದ ತಳದಲ್ಲಿ, ಕಣ್ಣಿಗೆ ಬೀಳದ ಅಕ್ಷರದಲ್ಲಿ, ಒಂದು ಸ್ಪಷ್ಟನೆ ಪ್ರಕಟಿಸಿತು: ಲೇಖಕಿಯ “ಕೆಲವು ಸಣ್ಣಪುಟ್ಟ ಆಕ್ಷೇಪಗಳು” ಸ್ಥಳಾಭಾವದಿಂದ ಬಿಟ್ಟುಹೋಗಿದ್ದವಂತೆ. ಸತ್ತವರನ್ನು ಎಬ್ಬಿಸಿದ್ದು ಸಣ್ಣದು. ಸರಣಿಯ ಬೆನ್ನೆಲುಬಾದ ನಿಯಮ ಮುರಿದದ್ದು ಪುಟ್ಟದು. ಜಗದಾಂಬಾ ಫೋನ್ ಮಾಡಿ, ಇದನ್ನು ಉತ್ತರವೆಂದು ತಾನು ಸ್ವೀಕರಿಸಿಲ್ಲ ಎಂದು ತಿಳಿಸಿದರು. ಎತ್ತಿದವರಿಂದ ಅದನ್ನು ಮರಳಿ ಹೇಳಿಸಿಯೇ ಫೋನ್ ಇಟ್ಟರು.

ಇಂದು ನವೆಂಬರ್ ೨೮. ಚಿತ್ರವು ನಾಲ್ಕನೆಯ ವಾರಕ್ಕೆ ಕಾಲಿಟ್ಟಿದೆ. ಫ್ಲೆಕ್ಸ್ ಅಲ್ಲೇ ಇದೆ, ಇಂದಿನ ಸಂಚಿಕೆಯಲ್ಲಿಯೂ ದೋಷಭಾಗ ಇಲ್ಲ, ಜಗದಾಂಬಾ ಅವರು ಮ್ಯಾಟಿನಿಗೆ ಹೊರಟಿದ್ದಾರೆ.

ರೇಣುಕಾಪ್ರಸಾದರೇ, ಬರುವ ಶುಕ್ರವಾರದ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಅದೇ ಬಲಗಡೆಯ ಕಾಲಂನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ನೀವೇ ಬರೆದುಕೊಂಡು ನೀವೇ ಮರಳಿ ಹೇಳಿದ ದೋಷಭಾಗವನ್ನು ಕೊನೆಯ ವಾಕ್ಯದ ಸಮೇತ ಪ್ರಕಟಿಸಿರಿ. ಪಕ್ಕದಲ್ಲಿ ಗುಣಭಾಗವನ್ನೂ ಮತ್ತೊಮ್ಮೆ ಪ್ರಕಟಿಸಿರಿ, ಏಕೆಂದರೆ ಅದೂ ಸುಳ್ಳಲ್ಲ. ‘ಸಣ್ಣಪುಟ್ಟ’ ಎಂಬ ಪದವನ್ನು ಹಿಂದಕ್ಕೆ ಪಡೆಯಿರಿ. ಸಂಜಯ್ ಅವರೇ, ಆ ಫ್ಲೆಕ್ಸನ್ನು ಇಂದೇ ಇಳಿಸಿರಿ. ಇಳಿಸಲು ಮನಸ್ಸಿಲ್ಲದಿದ್ದರೆ ಅಷ್ಟೇ ಎತ್ತರದ ಇನ್ನೊಂದನ್ನು ಅದರ ಪಕ್ಕದಲ್ಲಿ ಕಟ್ಟಿ, ಅದರ ಮೇಲೆ ದೋಷಗಳನ್ನು ಬರೆಯಿಸಿರಿ. ಮತ್ತು ನೀವಿಬ್ಬರೂ ಜೊತೆಯಾಗಿ ಮಲವಗೊಪ್ಪಕ್ಕೆ ಹೋಗಿ, ಕರಿಯಣ್ಣನ ಎದುರು ನಿಂತು, ಆ ಒಂದು ವಾಕ್ಯವನ್ನು ಅವನಿಗೆ ಓದಿ ಒಪ್ಪಿಸಿರಿ.